ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರ್: ಬಾಯಿಪಾಠ ಬಿಟ್ಟು ಪ್ಯಾಕೆಟ್ ನೋಡಿ ಕಲಿಯುವ ದಾರಿ

ನೆಟ್‌ವರ್ಕಿನ ಏಳು ಪದರಗಳ ಹೆಸರು ಹೇಳು ಎಂದರೆ ನಿದ್ದೆಗಣ್ಣಿನಲ್ಲೂ ಒಪ್ಪಿಸುವ ಹುಡುಗರನ್ನು ಪ್ರತಿ ವರ್ಷ ನೋಡುತ್ತೇನೆ. ‘ವೈಫೈ ಕನೆಕ್ಟ್ ಆಗಿದೆ, ವಾಟ್ಸಾಪ್ ಮೆಸೇಜ್ ಹೋಗುತ್ತಿದೆ, ಬ್ರೌಸರಿನಲ್ಲಿ ಮಾತ್ರ ಒಂದು ಪೇಜೂ ತೆರೆಯುತ್ತಿಲ್ಲ, ಎಲ್ಲಿ ತಪ್ಪಿದೆ?’ ಎಂದು ಅದೇ ಹುಡುಗರನ್ನು ಕೇಳಿದರೆ ಫ್ಯಾನ್ ನೋಡುತ್ತಾರೆ. ನಾನೂ ಹಾಗೆಯೇ ಇದ್ದವನು. ಮೊದಲ ಇಂಟರ್ನಲ್ಸ್‌ನಲ್ಲಿ ಪದರಗಳ ಚಿತ್ರ ಸ್ಕೇಲ್ ಇಟ್ಟು ಬರೆದು ಬಂದೆ, ಸಬ್‌ನೆಟ್ ಲೆಕ್ಕಕ್ಕೆ ಸೊನ್ನೆ ಸಿಕ್ಕಿತು.

ಸುರತ್ಕಲ್ಲೋ ಮಣಿಪಾಲವೋ, ನಿಟ್ಟೆಯೋ ವಾಮಂಜೂರೋ, ಬಂಟಕಲ್ಲೋ ಮೂಡುಬಿದಿರೆಯೋ, ಎಲ್ಲಿ ಓದಿದರೂ ಈ ವಿಷಯದ ಗಿರಣಿ ಒಂದೇ. ಬಿಇ ಇರಲಿ, ಬಿಸಿಎ ಇರಲಿ, ಪಠ್ಯದ ಹೂರಣ ಹೆಚ್ಚು ಬದಲಾಗುವುದಿಲ್ಲ. ಕೆಳಗಿನ ಹಂತಗಳನ್ನು ಸೆಮಿಸ್ಟರಿನ ಮೊದಲ ವಾರದಿಂದಲೇ ಶುರುಮಾಡಿದರೆ ಒಳ್ಳೆಯದು. ತಡವಾಗಿದ್ದರೆ ಮೂರನೇ ಹಂತದಿಂದ ನುಗ್ಗಿ.

ಎಲ್ಲ ಹಂತಕ್ಕೂ ಒಂದೇ ನಿಯಮ ಉಂಟು. ಯಾವ ಕಮಾಂಡ್ ಒತ್ತುವ ಮೊದಲೂ, ಏನು ಬರಬಹುದು ಎಂದು ನೋಟ್‌ಬುಕ್ಕಿನ ಎಡಗಡೆ ಬರೆಯಿರಿ. ಒತ್ತಿದ ಮೇಲೆ ಬಂದದ್ದನ್ನು ಬಲಗಡೆ ಬರೆಯಿರಿ. ಎರಡೂ ಹೊಂದದ ಸಾಲಿಗೆ ಕೆಂಪು ಗೆರೆ. ನೆಟ್‌ವರ್ಕಿಂಗ್ ನನಗೆ ಅರ್ಥವಾದದ್ದು ಆ ಕೆಂಪು ಗೆರೆಗಳಿಂದ, ಪಿಪಿಟಿಗಳಿಂದ ಅಲ್ಲ.

ಹಂತ 1: ಸಿಲಬಸ್ಸನ್ನು ತಲೆಕೆಳಗಾಗಿ ಓದಿ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪದ್ಧತಿಯಲ್ಲಿ ಪೇಪರಿಗೆ 5 ಮಾಡ್ಯೂಲ್. ಪ್ರತಿ ಮಾಡ್ಯೂಲಿನಿಂದ ಎರಡು ಪೂರ್ಣ ಪ್ರಶ್ನೆ, ಬರೆಯಬೇಕಾದದ್ದು ಒಂದು, ಅದಕ್ಕೆ 20 ಅಂಕ. ಅಂದರೆ ಒಂದು ಮಾಡ್ಯೂಲನ್ನು ಪೂರ್ತಿ ಕೈಬಿಟ್ಟರೆ 20 ಅಂಕ ಮೊದಲೇ ಹೋಯಿತು. ಪಾಠ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ: ಮೊದಲು ಕೇಬಲ್ಲು, ಸಿಗ್ನಲ್ಲು, ಎನ್‌ಕೋಡಿಂಗ್. ನಾವು ದಿನಾ ಬಳಸುವ ವೆಬ್ ಪೇಜಿನ ಮಾತು ಬರುವಾಗ ಕ್ಲಾಸಿನಲ್ಲಿ ಅರ್ಧ ಜನ ಪ್ರಾಜೆಕ್ಟ್ ಚಿಂತೆಯಲ್ಲಿರುತ್ತಾರೆ.

ಕ್ಲಾಸು ಕ್ಲಾಸಿನ ದಾರಿಯಲ್ಲೇ ಹೋಗಲಿ. ನೀವು ಮನೆಯಲ್ಲಿ, ಪಿಜಿಯಲ್ಲಿ, ಮೊದಲ ಎರಡು ವಾರ ಮೇಲಿನಿಂದ ಕೆಳಕ್ಕೆ ಇಳಿಯಿರಿ. ‘ಒಂದು ಪೇಜ್ ತೆರೆಯುವಾಗ ಏನೇನಾಗುತ್ತದೆ’ ಎಂಬ ಒಂದೇ ಕಥೆ ಹಿಡಿದುಕೊಳ್ಳಿ. ಆಮೇಲೆ ಕ್ಲಾಸಿನಲ್ಲಿ ಬರುವ ಪ್ರತಿ ಹೊಸ ಹೆಸರಿಗೂ ಆ ಕಥೆಯಲ್ಲಿ ಒಂದು ಜಾಗ ಸಿಗುತ್ತದೆ.

ಏಳು ಪದರದ ಓಎಸ್‌ಐ ಮಾದರಿ 1984ರಲ್ಲಿ ಪ್ರಮಾಣಿತವಾದದ್ದು. ಅಷ್ಟು ಹೊತ್ತಿಗೆ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್, ಇಂದಿಗೂ ಇಂಟರ್ನೆಟ್ ನಡೆಸುವ ಟಿಸಿಪಿ/ಐಪಿ ನಿಯಮಗಳಿಗೆ ದಾಟಿ ಒಂದು ವರ್ಷ ಕಳೆದಿತ್ತು, 1983ರ ಜನವರಿ 1ರಂದೇ. ಹಾಗಾಗಿ ನಿಜವಾದ ಇಂಟರ್ನೆಟ್ಟಿನಲ್ಲಿ ಸೆಷನ್ ಪದರ ಎಲ್ಲಿದೆ ಎಂದು ಹುಡುಕಿ ಸುಸ್ತಾಗಬೇಡಿ. ಪರೀಕ್ಷೆಗೆ ಏಳು, ಕೆಲಸಕ್ಕೆ ನಾಲ್ಕೈದು.

ಹಂತ 2: ಲ್ಯಾಪ್‌ಟಾಪ್ ಸಜ್ಜು

ಎರಡು ಸಾಫ್ಟ್‌ವೇರ್ ಸಾಕು, ಎರಡಕ್ಕೂ ದುಡ್ಡಿಲ್ಲ. ಒಂದು ವೈರ್‌ಶಾರ್ಕ್, ನೆಟ್‌ವರ್ಕಿನಲ್ಲಿ ಓಡಾಡುವ ಡೇಟಾದ ತುಂಡುಗಳನ್ನು, ಅಂದರೆ ಪ್ಯಾಕೆಟ್ಟುಗಳನ್ನು, ಹಿಡಿದು ತೋರಿಸುವಂಥದ್ದು. 1998ರಲ್ಲಿ ಇಥೀರಿಯಲ್ ಎಂಬ ಹೆಸರಿನಲ್ಲಿ ಬಂದು 2006ರಲ್ಲಿ ಹೆಸರು ಬದಲಿಸಿಕೊಂಡದ್ದು. ವಿಂಡೋಸಿನಲ್ಲಿ ಹಾಕುವಾಗ ಎನ್‌ಪಿಕ್ಯಾಪ್ ಬೇಕಾ ಎಂದು ಕೇಳುತ್ತದೆ, ಬೇಕು ಎನ್ನಿ. ಅದಿಲ್ಲದಿದ್ದರೆ ಪ್ಯಾಕೆಟ್ ಹಿಡಿಯಲಿಕ್ಕೆ ಆಗುವುದಿಲ್ಲ. ಇನ್ನೊಂದು ಸಿಸ್ಕೋದ ಪ್ಯಾಕೆಟ್ ಟ್ರೇಸರ್, ಸ್ಕ್ರೀನಿನ ಮೇಲೆಯೇ ನೆಟ್‌ವರ್ಕ್ ಕಟ್ಟಿ ನೋಡಲಿಕ್ಕೆ. ಅವರ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಉಚಿತ ಖಾತೆ ತೆರೆದರೆ ಸಿಗುತ್ತದೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಲಿನಕ್ಸ್ ಒಂದು ವರ್ಚುವಲ್ ಮಷೀನಿನಲ್ಲಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಈ ಸೆಮ್ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. ಹಿಡಿಯುವುದು ನಿಮ್ಮದೇ ಲ್ಯಾಪ್‌ಟಾಪಿನ ಪ್ಯಾಕೆಟ್ ಮಾತ್ರ. ಹಾಸ್ಟೆಲ್ ವೈಫೈಯಲ್ಲಿ ಪಕ್ಕದ ರೂಮಿನವನದ್ದು ನೋಡುತ್ತೇನೆ, ಕಾಲೇಜಿನ ಸರ್ವರ್ ಸ್ಕ್ಯಾನ್ ಮಾಡುತ್ತೇನೆ ಎಂದು ಹೊರಡಬೇಡಿ. ಅನುಮತಿ ಇಲ್ಲದ ಪ್ರವೇಶಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಇದೆ, ಮೂರು ವರ್ಷದವರೆಗೆ ಜೈಲು. ‘ಕಲಿಯಲಿಕ್ಕೆ ಮಾಡಿದೆ ಸರ್’ ಎಂಬ ಮಾತು ಪ್ರಿನ್ಸಿಪಾಲರ ಕೋಣೆಯಲ್ಲೂ ನಡೆಯುವುದಿಲ್ಲ.

ಹಂತ 3: ನಿಮ್ಮ ಮನೆಯ ನೆಟ್‌ವರ್ಕಿನಿಂದ ಶುರು

ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಕಮಾಂಡ್ ಕೊಡಿ. ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್ (ವಿಳಾಸದಲ್ಲಿ ನೆಟ್‌ವರ್ಕಿನ ಭಾಗ ಎಷ್ಟು ಎಂದು ಹೇಳುವುದು), ಡಿಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ಬಾಗಿಲಾದ ರೂಟರ್): ಈ ಮೂರನ್ನು ಬರೆದುಕೊಳ್ಳಿ. ಸಾಮಾನ್ಯವಾಗಿ 192.168ರಿಂದ ಶುರುವಾಗುವ ವಿಳಾಸ ಕಾಣುತ್ತದೆ. ಪಕ್ಕದ ಮನೆಯಲ್ಲೂ ಅದೇ ಇರಬಹುದು. ಇಬ್ಬರಿಗೂ ಒಂದೇ ವಿಳಾಸವಾದರೆ ಜಗಳವಿಲ್ಲವೇ? ಇಲ್ಲ. 10.0.0.0/8, 172.16.0.0/12, 192.168.0.0/16 ಈ ಮೂರು ಪಟ್ಟಿಗಳನ್ನು ಖಾಸಗಿ ಬಳಕೆಗೆ ಬಿಟ್ಟಿದ್ದಾರೆ (ಓರೆಗೆರೆಯ ಮುಂದಿನ ಅಂಕಿ, ವಿಳಾಸದ ಮೊದಲ ಎಷ್ಟು ಬಿಟ್ ನೆಟ್‌ವರ್ಕಿನದ್ದು ಎಂಬುದು). 1996ರ ಆರ್‌ಎಫ್‌ಸಿ 1918 ಅದರ ದಾಖಲೆ. ಹೊರಗೆ ಹೋಗುವಾಗ ರೂಟರ್ ಅದನ್ನು ಸಾರ್ವಜನಿಕ ವಿಳಾಸಕ್ಕೆ ಬದಲಿಸುತ್ತದೆ, ಅದೇ ನ್ಯಾಟ್. ಐಪಿವಿ4ರಲ್ಲಿ 32 ಬಿಟ್, ಒಟ್ಟು 4,29,49,67,296 ವಿಳಾಸ. ಭೂಮಿಯ ಮೇಲಿನ ಜನರಿಗೆ ತಲೆಗೊಂದೂ ಬರುವುದಿಲ್ಲ.

ಇನ್ನು ಪಿಂಗ್, ಅಂದರೆ ಒಂದು ವಿಳಾಸವನ್ನು ಕೂಗಿ ಕರೆದು ಉತ್ತರ ಎಷ್ಟು ಹೊತ್ತಿಗೆ ಬಂತು ಎಂದು ಅಳೆಯುವ ಕಮಾಂಡ್. ಮೊದಲು ಗೇಟ್‌ವೇಗೆ, ಆಮೇಲೆ ಹೊರಗಿನ ಯಾವುದಾದರೂ ವಿಳಾಸಕ್ಕೆ. ಒತ್ತುವ ಮೊದಲು ಎಷ್ಟು ಮಿಲಿಸೆಕೆಂಡ್ ಎಂದು ಎಡಗಡೆ ಬರೆದಿರಿ ತಾನೆ?

ಅದರ ನಂತರ ಟ್ರೇಸರೂಟ್, ಪ್ಯಾಕೆಟ್ ಹೋಗುವ ದಾರಿಯ ರೂಟರುಗಳನ್ನು ಪಟ್ಟಿ ಮಾಡುವ ಕಮಾಂಡ್. ಇದರ ಉಪಾಯ ನಮ್ಮ ಬಸ್ಸಿನವರಿಗೆ ಅರ್ಥವಾಗುವಂಥದ್ದು. ಊರು ಗೊತ್ತಿಲ್ಲದವನು ಒಂದೇ ಸ್ಟಾಪಿಗೆ ಟಿಕೆಟ್ ತೆಗೆಯುತ್ತಾನೆ. ಕಂಡಕ್ಟರ್ ಅಲ್ಲಿ ಇಳಿಸುತ್ತಾನೆ. ಇಳಿದ ಜಾಗದ ಹೆಸರು ಬರೆದುಕೊಂಡು ಹಿಂದೆ ಬಂದು, ಈ ಸಲ ಎರಡು ಸ್ಟಾಪಿಗೆ ತೆಗೆಯುತ್ತಾನೆ, ಆಮೇಲೆ ಮೂರು. ಹೀಗೆ ದಾರಿಯ ಸ್ಟಾಪುಗಳೆಲ್ಲ ಪಟ್ಟಿಯಾಗುತ್ತವೆ. ಪ್ಯಾಕೆಟ್ಟಿನ ಟಿಟಿಎಲ್ ಅಂಕಿಯೇ ಆ ಟಿಕೆಟ್. ಪ್ರತಿ ರೂಟರ್ ಅದರಿಂದ ಒಂದು ಕಳೆಯುತ್ತದೆ. ಸೊನ್ನೆಯಾದ ಕಡೆ ಪ್ಯಾಕೆಟ್ಟನ್ನು ಎಸೆದು ‘ಅವಧಿ ಮುಗಿಯಿತು’ ಎಂಬ ಐಸಿಎಂಪಿ ಸಂದೇಶ ವಾಪಸ್ ಕಳಿಸುತ್ತದೆ. ಕೆಲವು ಸಾಲುಗಳಲ್ಲಿ ಬರೀ ನಕ್ಷತ್ರ ಕಂಡರೆ ಗಾಬರಿ ಬೇಡ. ಉತ್ತರ ಕೊಡದ ರೂಟರುಗಳೂ ಇರುತ್ತವೆ.

ಪಣಂಬೂರಿನಲ್ಲಿ ಕಡಲಿಗೆ ಮುಖ ಮಾಡಿ ನಿಂತಾಗ ನನಗೆ ಯಾವಾಗಲೂ ಒಂದು ತಮಾಷೆ ನೆನಪಾಗುತ್ತದೆ. ಎದುರಿಗೇ ಅರಬ್ಬಿ ಸಮುದ್ರ, ಆದರೂ ವಿದೇಶಕ್ಕೆ ಹೋಗುವ ನಮ್ಮ ಪ್ಯಾಕೆಟ್ ಇಲ್ಲಿ ನೀರಿಗಿಳಿಯುವುದಿಲ್ಲ. ಮುಂಬೈಗೋ ಚೆನ್ನೈಗೋ ಕೊಚ್ಚಿಗೋ ಹೋಗಿ, ಅಲ್ಲಿನ ಸಮುದ್ರದಡಿ ಕೇಬಲ್ ಹಿಡಿಯಬೇಕು. ಟ್ರೇಸರೂಟಿನಲ್ಲಿ ಸಮಯ ಒಮ್ಮೆಲೇ ಹಾರುವ ಸಾಲನ್ನು ಹುಡುಕಿ. ಸಮುದ್ರ ದಾಟಿದ್ದು ಅಲ್ಲಿಯೇ ಇರಬಹುದು.

ಹಂತ 4: ಮಲ್ಪೆಯಿಂದ ಕೊಣಾಜೆಗೆ

ಐಪಿ ವಿಳಾಸ ಇರುವಾಗ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಸ್ವಂತ ವಿಳಾಸ) ಯಾಕೆ? ವೈವಾದಲ್ಲಿ ಈ ಪ್ರಶ್ನೆ ತಪ್ಪುವುದಿಲ್ಲ. ‘ಒಂದು ಲಾಜಿಕಲ್, ಒಂದು ಫಿಸಿಕಲ್’ ಎಂಬ ಉತ್ತರವನ್ನು ಕೇಳಿ ಕೇಳಿ ಎಕ್ಸಾಮಿನರುಗಳ ಕಿವಿ ತೂತಾಗಿದೆ.

ಮಲ್ಪೆಯ ಹುಡುಗಿಯೊಬ್ಬಳು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಹೊರಟಿದ್ದಾಳೆ ಎಂದುಕೊಳ್ಳಿ. ಉಡುಪಿಯವರೆಗೆ ಸಿಟಿ ಬಸ್, ಅಲ್ಲಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್, ಅಲ್ಲಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಕೊಣಾಜೆಗೆ ಇನ್ನೊಂದು ಸಿಟಿ ಬಸ್. ಮೂರು ಬಸ್ಸು, ಮೂರು ಟಿಕೆಟ್, ಪ್ರತಿ ಟಿಕೆಟ್ಟಿನಲ್ಲೂ ‘ಇಲ್ಲಿಂದ ಇಲ್ಲಿಗೆ’ ಬೇರೆ. ಇಳಿದ ಕೂಡಲೇ ಹಳೆಯ ಟಿಕೆಟ್ ಕಸ. ಆದರೆ ಅವಳು ಮಲ್ಪೆಯವಳು, ಹೋಗಬೇಕಾದ್ದು ಕೊಣಾಜೆಗೆ, ಇದು ದಾರಿಯುದ್ದಕ್ಕೂ ಬದಲಾಗುವುದಿಲ್ಲ. ಟಿಕೆಟ್ಟಿನ ಮೇಲಿನದ್ದು ಮ್ಯಾಕ್ ವಿಳಾಸ: ಒಂದು ಕೊಂಡಿಗೆ ಮಾತ್ರ, ಪ್ರತಿ ರೂಟರಿನಲ್ಲಿ ಹೊಸದು. ಅವಳ ಮನಸ್ಸಿನಲ್ಲಿರುವುದು ಐಪಿ ವಿಳಾಸ: ನ್ಯಾಟ್ ಕೈಯಾಡಿಸದಿದ್ದರೆ ಕೊನೆಯವರೆಗೂ ಅದೇ.

ಈಗ ಎಆರ್‌ಪಿ, ಅಂದರೆ ಐಪಿ ವಿಳಾಸ ಹೇಳಿ ಅದರ ಮ್ಯಾಕ್ ವಿಳಾಸ ಕೇಳುವ ಪದ್ಧತಿ, ಸುಲಭ. ದೂರದ ಸರ್ವರಿಗೆ ಪ್ಯಾಕೆಟ್ ಕಳಿಸುವಾಗ ನಿಮ್ಮ ಲ್ಯಾಪ್‌ಟಾಪ್ ಯಾರ ಮ್ಯಾಕ್ ವಿಳಾಸ ಕೇಳುತ್ತದೆ? ಹತ್ತರಲ್ಲಿ ಏಳು ಮಂದಿ ಉತ್ತರಪತ್ರಿಕೆಯಲ್ಲಿ ‘ಸರ್ವರಿನದ್ದು’ ಎಂದು ಬರೆಯುತ್ತಾರೆ ಎಂದು ನನ್ನ ಅಂದಾಜು. ತಪ್ಪು. ಕೇಳುವುದು ಗೇಟ್‌ವೇಯದ್ದು. ಮಲ್ಪೆಯಲ್ಲಿ ನಿಂತು ಕೊಣಾಜೆ ಬಸ್ಸಿನ ನಂಬರ್ ಕೇಳಿ ಪ್ರಯೋಜನವಿಲ್ಲ, ಉಡುಪಿ ಬಸ್ಸು ಯಾವುದು ಎಂದು ಕೇಳಬೇಕು. ನಂಬಿಕೆ ಬರದಿದ್ದರೆ ವೈರ್‌ಶಾರ್ಕಿನಲ್ಲಿ ಎಆರ್‌ಪಿ ಎಂದು ಫಿಲ್ಟರ್ ಹಾಕಿ ನೋಡಿ.

ಹಂತ 5: ಸಬ್‌ನೆಟ್ಟಿಂಗ್, ಗದ್ದೆಯ ಲೆಕ್ಕದಲ್ಲಿ

ಅಂಕ ತರುವುದೂ ಅಂಕ ಕಳೆಯುವುದೂ ಇದೇ. ಇಲ್ಲಿ ಸ್ವಲ್ಪ ಕೂತುಕೊಳ್ಳಿ.

ಬೈಲಿನ ಗದ್ದೆ ಪಾಲಾಗುವುದನ್ನು ನೋಡಿದವರಿಗೆ ಸಬ್‌ನೆಟ್ ಹೊಸತಲ್ಲ. ಒಂದು ದೊಡ್ಡ ಗದ್ದೆಯನ್ನು ತುಂಡು ಮಾಡಬೇಕಾದರೆ ನಡುವೆ ಹುಣಿ (ಬದು) ಕಟ್ಟಬೇಕು. ಹುಣಿಯ ಮೇಲೆ ನೇಜಿ ನೆಡಲಿಕ್ಕೆ ಆಗುವುದಿಲ್ಲ. ತುಂಡು ಹೆಚ್ಚಾದಷ್ಟು ಹುಣಿಗೆ ಹೋಗುವ ನೆಲ ಹೆಚ್ಚು. ಸಬ್‌ನೆಟ್ಟಿನಲ್ಲಿ ಹುಣಿಗೆ ಹೋಗುವುದು ತುಂಡಿಗೆ ಎರಡು ವಿಳಾಸ: ಮೊದಲನೆಯದು ನೆಟ್‌ವರ್ಕಿನ ಹೆಸರಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ. /24ರಲ್ಲಿ 256 ವಿಳಾಸ, ಬೆಳೆ ತೆಗೆಯಬಹುದಾದದ್ದು 254. ಅದನ್ನೇ /30ರ 64 ತುಂಡು ಮಾಡಿದರೆ 128 ವಿಳಾಸ ಹುಣಿಗೇ ಹೋಯಿತು.

ಒಂದು ಲೆಕ್ಕ ಮಾಡೋಣ. ಕಾಲೇಜಿಗೆ 192.168.10.0/24 ಕೊಟ್ಟಿದ್ದಾರೆ. ದೊಡ್ಡ ಲ್ಯಾಬಿಗೆ 100 ಕಂಪ್ಯೂಟರ್, ಲೈಬ್ರರಿಗೆ 50, ಆಫೀಸಿಗೆ 20, ಎರಡು ರೂಟರುಗಳ ನಡುವಿನ ಲಿಂಕಿಗೆ 2. ಎಲ್ಲರಿಗೂ ಸಮಪಾಲು ಮಾಡಿದರೆ ತಲಾ 64, ಲ್ಯಾಬಿಗೆ ಸಾಲದು. ಹಾಗಾಗಿ ದೊಡ್ಡ ಪಾಲು ಮೊದಲು. 100ಕ್ಕೆ 128ರ ತುಂಡು ಬೇಕು: 192.168.10.0/25, ಅಂದರೆ 0ಯಿಂದ 127. ಮುಂದೆ 50ಕ್ಕೆ 64ರ ತುಂಡು: 192.168.10.128/26, 128ರಿಂದ 191. 20ಕ್ಕೆ 32ರದ್ದು: 192.168.10.192/27, 192ರಿಂದ 223. ಕೊನೆಗೆ ಲಿಂಕಿಗೆ 4ರದ್ದು: 192.168.10.224/30, 224ರಿಂದ 227. 228ರಿಂದ 255ರವರೆಗೆ ಮುಂದಕ್ಕೆ ಉಳಿಯಿತು. ಸಣ್ಣದರಿಂದ ಶುರುಮಾಡಿ ನೋಡಿ, 128ರ ತುಂಡಿಗೆ ಸರಿಯಾದ ಗಡಿ ಸಿಗಬೇಕಾದರೆ ನಡುವೆ ಎಷ್ಟು ಜಾಗ ಹಾಳಾಗುತ್ತದೆ ಎಂಬುದು ಕಾಣುತ್ತದೆ.

ಇನ್ನೊಂದು ಬಗೆಯ ಪ್ರಶ್ನೆ: 172.16.35.77/20 ಯಾವ ನೆಟ್‌ವರ್ಕಿಗೆ ಸೇರಿದ್ದು? 32 ಬಿಟ್ಟುಗಳನ್ನೂ ಬೈನರಿಯಲ್ಲಿ ಬರೆಯಲು ಕೂತರೆ ಐದು ನಿಮಿಷ ಹೋಗುತ್ತದೆ. /20 ಎಂದರೆ ಮಾಸ್ಕ್ 255.255.240.0. ಮೂರನೇ ಅಂಕಿಯಲ್ಲಿ ತಿರುವು ಇದೆ. 256ರಿಂದ 240 ಕಳೆದರೆ 16, ಇದು ತುಂಡಿನ ಅಗಲ. 16ರ ಮಗ್ಗಿಯಲ್ಲಿ 35ಕ್ಕಿಂತ ಕೆಳಗಿನ ಹತ್ತಿರದ ಅಂಕಿ 32. ನೆಟ್‌ವರ್ಕ್ 172.16.32.0. ಮುಂದಿನ ತುಂಡು 48ರಿಂದ, ಆದ್ದರಿಂದ ಬ್ರಾಡ್‌ಕಾಸ್ಟ್ 172.16.47.255. ಬಳಸಬಹುದಾದ ವಿಳಾಸ 4094. ಉತ್ತರಪತ್ರಿಕೆಯಲ್ಲಿ ಮಾತ್ರ ತಿರುವಿನ ಅಂಕಿಯ ಬೈನರಿ ಬಿಡಿಸಿ ತೋರಿಸಿ, ಹಂತಕ್ಕೆ ಅಂಕ ಕೊಡುತ್ತಾರೆ.

ದಿನಕ್ಕೆ ಐದು ಲೆಕ್ಕದಂತೆ ಹದಿನೈದು ದಿನ. ಬಸ್ಸಿನಲ್ಲಿ ಕೂತು ಬಾಯಲ್ಲೇ ಮಾಡಬಹುದು. ಹೆಜಮಾಡಿ ಟೋಲ್ ಬರುವಾಗ ಐದೂ ಮುಗಿಯಬೇಕು ಎಂಬ ಪಂತ ನನಗಿತ್ತು.

ಹಂತ 6: ಒಂದು ಪೇಜಿನ ಪೂರ್ತಿ ಕಥೆ ಹಿಡಿಯುವುದು

ಒಂದು ಭಾನುವಾರ ಎರಡು ಗಂಟೆ ಇದಕ್ಕೆ ಇಡಿ. ವೈಫೈ ಆಫ್ ಮಾಡಿ ವೈರ್‌ಶಾರ್ಕ್ ಸಿದ್ಧವಾಗಿಡಿ. ವೈಫೈ ಆನ್ ಮಾಡಿದ ಕೂಡಲೇ ವೈಫೈ ಇಂಟರ್‌ಫೇಸಿನಲ್ಲಿ ಕ್ಯಾಪ್ಚರ್ ಶುರು ಮಾಡಿ, ಒಂದು ಪೇಜ್ ತೆರೆದು, ನಿಲ್ಲಿಸಿ. ಇಷ್ಟಕ್ಕೇ ಸಾವಿರಾರು ಪ್ಯಾಕೆಟ್ ಬಿದ್ದಿರುತ್ತವೆ. ಹೆದರದೆ ಒಂದೊಂದೇ ಫಿಲ್ಟರ್ ಹಾಕಿ.

ಮೊದಲು ಡಿಎಚ್‌ಸಿಪಿ, ಕಂಪ್ಯೂಟರಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ. ಪುಸ್ತಕದಲ್ಲಿ ನಾಲ್ಕು ಸಂದೇಶ ಇರುತ್ತದೆ: ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್. ನಿಮಗೆ ಕಂಡದ್ದು ಎರಡೇ ಇರಬಹುದು. ಮೊದಲೇ ಪರಿಚಯವಿದ್ದ ನೆಟ್‌ವರ್ಕಾದರೆ ಲ್ಯಾಪ್‌ಟಾಪ್ ಹಳೆಯ ವಿಳಾಸವನ್ನೇ ಮತ್ತೆ ಕೊಡು ಎಂದು ನೇರ ರಿಕ್ವೆಸ್ಟ್ ಕಳಿಸುತ್ತದೆ. ಇದು ನನ್ನ ನೋಟ್‌ಬುಕ್ಕಿನ ಮೊದಲ ಕೆಂಪು ಗೆರೆ. ವಿಳಾಸ ಬಿಟ್ಟುಕೊಟ್ಟು ಹೊಸದು ಪಡೆಯುವ ಕಮಾಂಡ್ ಕೊಟ್ಟರೆ ನಾಲ್ಕೂ ಕಾಣುತ್ತವೆ. ವಿಳಾಸ 169.254ರಿಂದ ಶುರುವಾಗಿದ್ದರೆ ಡಿಎಚ್‌ಸಿಪಿ ಸರ್ವರ್ ಉತ್ತರಿಸಲೇ ಇಲ್ಲ ಎಂದರ್ಥ. ಕಂಪ್ಯೂಟರ್ ತಾನೇ ಒಂದು ವಿಳಾಸ ಹಚ್ಚಿಕೊಂಡಿದೆ.

ಆಮೇಲೆ ಡಿಎನ್‌ಎಸ್, ಪೋರ್ಟ್ 53. ಹೆಸರನ್ನು ವಿಳಾಸವಾಗಿಸುವ ಈ ವ್ಯವಸ್ಥೆ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದು. ಬ್ರೌಸರ್ ತೆರೆದರೂ ಡಿಎನ್‌ಎಸ್ ಪ್ಯಾಕೆಟ್ ಕಾಣದಿದ್ದರೆ ನಿಮ್ಮ ತಪ್ಪಲ್ಲ. ಈಗಿನ ಬ್ರೌಸರುಗಳು ಆ ಪ್ರಶ್ನೆಯನ್ನೂ ಎನ್‌ಕ್ರಿಪ್ಟ್ ಮಾಡಿ ಕಳಿಸುವುದುಂಟು. ಕಮಾಂಡ್ ಪ್ರಾಂಪ್ಟಿನಿಂದ ಎನ್‌ಎಸ್‌ಲುಕಪ್ ಕೊಟ್ಟರೆ ಸ್ಪಷ್ಟವಾಗಿ ಸಿಗುತ್ತದೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ: ವಾಟ್ಸಾಪಿನ ಕನೆಕ್ಷನ್ ಮೊದಲೇ ತೆರೆದಿತ್ತು, ಅದು ನಡೆಯುತ್ತಲೇ ಇರುತ್ತದೆ. ಹೊಸ ಪೇಜಿಗೆ ಹೆಸರು ಬಿಡಿಸಬೇಕು, ಡಿಎನ್‌ಎಸ್ ಸತ್ತಿದ್ದರೆ ಅದು ಆಗುವುದಿಲ್ಲ. ಹೆಸರು ಕೊಟ್ಟರೆ ಪಿಂಗ್ ಹೋಗದೆ, ಅಂಕಿ ಕೊಟ್ಟರೆ ಹೋದರೆ ರೋಗ ಖಚಿತ.

ನಂತರ ಡೇಟಾ ತಪ್ಪದೆ ತಲುಪಿಸುವ ಟಿಸಿಪಿ ಕನೆಕ್ಷನ್ ತೆರೆಯುವ ಮೂರು ಹೆಜ್ಜೆಯ ಹ್ಯಾಂಡ್‌ಶೇಕ್: ಸಿನ್, ಸಿನ್-ಆಕ್, ಆಕ್. ಇಲ್ಲಿ ವೈರ್‌ಶಾರ್ಕ್ ನಿಮ್ಮನ್ನು ಮೂರು ರೀತಿಯಲ್ಲಿ ಗೊಂದಲ ಮಾಡುತ್ತದೆ. ಯಾವ ಕ್ಲಾಸಿನಲ್ಲೂ ನನಗೆ ಇದನ್ನು ಹೇಳಿರಲಿಲ್ಲ. ಒಂದು, ಸೀಕ್ವೆನ್ಸ್ ನಂಬರ್ ಸೊನ್ನೆಯಿಂದ ಶುರುವಾದಂತೆ ಕಾಣುತ್ತದೆ. ನಿಜವಾದದ್ದು ಬೇರೆ ದೊಡ್ಡ ಅಂಕಿ, ನೋಡುವವರ ಅನುಕೂಲಕ್ಕೆ ಸೊನ್ನೆ ಮಾಡಿ ತೋರಿಸುತ್ತದೆ. ಎರಡು, ಗರಿಷ್ಠ 1500 ಬೈಟ್ ಎಂದು ಓದಿದ್ದೀರಿ, ಇಲ್ಲಿ ಸಾವಿರಗಟ್ಟಲೆ ಬೈಟಿನ ಪ್ಯಾಕೆಟ್ ಕಾಣುತ್ತದೆ. ತುಂಡು ಮಾಡುವ ಕೆಲಸವನ್ನು ನೆಟ್‌ವರ್ಕ್ ಕಾರ್ಡಿಗೆ ವಹಿಸಿರುವುದರಿಂದ, ತುಂಡಾಗುವ ಮೊದಲೇ ವೈರ್‌ಶಾರ್ಕ್ ಅದನ್ನು ಹಿಡಿದಿದೆ. ಮೂರು, ಹೊರಹೋಗುವ ಪ್ಯಾಕೆಟ್ಟಿನ ಚೆಕ್‌ಸಮ್ (ತಪ್ಪು ಹಿಡಿಯುವ ಅಂಕಿ) ಹೊಂದುತ್ತಿಲ್ಲ ಎಂದು ತೋರಿಸಬಹುದು. ಕಾರಣ ಅದೇ, ಅದನ್ನೂ ಕಾರ್ಡೇ ಆಮೇಲೆ ತುಂಬುತ್ತದೆ.

ಟಿಸಿಪಿಯೇ ಕಾಣದೆ ಯುಡಿಪಿ (ಹ್ಯಾಂಡ್‌ಶೇಕ್ ಇಲ್ಲದ ಸರಳ ಸಾಗಣೆ) ಪೋರ್ಟ್ 443 ತುಂಬಿಕೊಂಡಿದ್ದರೆ ಅದು ಕ್ವಿಕ್, 2021ರಲ್ಲಿ ಪ್ರಮಾಣಿತವಾದ ಹೊಸ ಸಾಗಣೆ ಪ್ರೋಟೋಕಾಲ್. ಬೇರೆ ಸೈಟ್ ತೆರೆದು ನೋಡಿ, ಇಲ್ಲವೇ ಬ್ರೌಸರಿನ ಸೆಟ್ಟಿಂಗಿನಲ್ಲಿ ನಿಲ್ಲಿಸಿ.

ಹಂತ 7: ಹೊತ್ತಿನ ಲೆಕ್ಕ

ಪ್ರೊಪಗೇಶನ್ ಡಿಲೇ, ಟ್ರಾನ್ಸ್‌ಮಿಶನ್ ಡಿಲೇ ಇವೆರಡನ್ನೂ ಕಲಸುವುದು ಎಲ್ಲರ ರೋಗ. ಬಸ್ಸಿಗೆ ಜನ ಹತ್ತುವ ಹೊತ್ತು ಟ್ರಾನ್ಸ್‌ಮಿಶನ್, ದಾರಿ ಸವೆಯುವ ಹೊತ್ತು ಪ್ರೊಪಗೇಶನ್, ನಂತೂರು ಸರ್ಕಲ್ಲಿನಲ್ಲಿ ಕಾಯುವುದು ಕ್ಯೂಯಿಂಗ್. ಬಾಗಿಲು ಅಗಲ ಮಾಡಿದರೆ ಹತ್ತುವುದು ಬೇಗ ಆದೀತು, ಉಡುಪಿ ಹತ್ತಿರ ಬರುವುದಿಲ್ಲ.

ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮಂಗಳೂರು–ಉಡುಪಿ ಸುಮಾರು 60 ಕಿ.ಮೀ. ಎಂದರೆ 0.3 ಮಿಲಿಸೆಕೆಂಡ್. 1500 ಬೈಟಿನ ಪ್ಯಾಕೆಟ್ ಎಂದರೆ 12,000 ಬಿಟ್. 10 ಎಂಬಿಪಿಎಸ್ ಲೈನಿಗೆ ಅದನ್ನು ಹತ್ತಿಸಲು 1.2 ಮಿಲಿಸೆಕೆಂಡ್, 1 ಜಿಬಿಪಿಎಸ್ ಆದರೆ 0.012. ನಿಧಾನ ಲೈನಿನಲ್ಲಿ ಹತ್ತುವುದೇ ಪ್ರಯಾಣಕ್ಕಿಂತ ದೊಡ್ಡದು, ವೇಗದ ಲೈನಿನಲ್ಲಿ ತಿರುಗುಮುರುಗು. ಪರೀಕ್ಷೆಯಲ್ಲಿ ಕಿಲೋಬೈಟ್, ಕಿಲೋಬಿಟ್ ಕಲಸಿ ಎಂಟು ಪಟ್ಟು ತಪ್ಪು ಮಾಡುವವರಲ್ಲಿ ನಾನೂ ಒಬ್ಬನಾಗಿದ್ದೆ.

ಇನ್ನೊಂದು, ಬ್ಯಾಂಡ್‌ವಿಡ್ತ್ ಮತ್ತು ಡಿಲೇಯ ಗುಣಲಬ್ಧ. 100 ಎಂಬಿಪಿಎಸ್ ಲೈನ್, ಹೋಗಿಬರುವ ಹೊತ್ತು 40 ಮಿಲಿಸೆಕೆಂಡ್. ಗುಣಿಸಿದರೆ 40 ಲಕ್ಷ ಬಿಟ್, ಅಂದರೆ 5 ಲಕ್ಷ ಬೈಟ್ ದಾರಿಯಲ್ಲೇ ಇರಬೇಕು, ಆಗ ಮಾತ್ರ ಲೈನ್ ತುಂಬುತ್ತದೆ. ಉತ್ತರಕ್ಕೆ ಕಾಯುವ ಮೊದಲು ಎಷ್ಟು ಕಳಿಸಬಹುದು ಎಂಬ ಮಿತಿಯೇ ವಿಂಡೋ. ಟಿಸಿಪಿ ಹೆಡರಿನಲ್ಲಿ ಅದಕ್ಕೆ ಜಾಗ 16 ಬಿಟ್, ಗರಿಷ್ಠ 65,535 ಬೈಟ್. ಅಷ್ಟನ್ನೇ ಕಳಿಸಿ ಉತ್ತರಕ್ಕೆ ಕಾದರೆ ವೇಗ 13 ಎಂಬಿಪಿಎಸ್ ಆಸುಪಾಸು, ಉಳಿದ 87 ಖಾಲಿ. ಅದಕ್ಕೇ 1992ರಲ್ಲಿ ವಿಂಡೋ ಸ್ಕೇಲಿಂಗ್ ತಂದರು. ನೀವು ಹಿಡಿದ ಸಿನ್ ಪ್ಯಾಕೆಟ್ಟಿನ ಆಪ್ಷನ್‌ಗಳಲ್ಲಿ ಅದು ಇದೆಯೇ ನೋಡಿ.

ಕಂಜೆಶನ್ ಕಂಟ್ರೋಲ್ (ದಟ್ಟಣೆಯ ಹತೋಟಿ) ಅಧ್ಯಾಯಕ್ಕೆ 1986ರ ಅಕ್ಟೋಬರಿನ ಕಥೆ ಗೊತ್ತಿರಬೇಕು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಿಂದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಕೇವಲ 400 ಗಜ ದೂರ. ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ಲೈನ್ 40 ಬಿಟ್ಟಿಗೆ ಇಳಿಯಿತು. ಪ್ಯಾಕೆಟ್ ಕಳೆದುಹೋದಾಗ ಎಲ್ಲರೂ ಮತ್ತೆ ಮತ್ತೆ ಕಳಿಸಿ ಜಾಮನ್ನು ಇನ್ನಷ್ಟು ಬಿಗಿ ಮಾಡಿದ್ದರು. ಹಾರ್ನ್ ಹೊಡೆಯುತ್ತಾ ನುಗ್ಗುವ ನಮ್ಮ ಬಸ್ಸಿನವರ ಹಾಗೆ. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವೇ ಸ್ಲೋ ಸ್ಟಾರ್ಟ್ ಮೊದಲಾದವು: ಒಂದು ಸಲಕ್ಕೆ 1, 2, 4, 8 ಪ್ಯಾಕೆಟ್ ಎಂದು ಏರುವುದು, ಗಡಿ ಮುಟ್ಟಿದ ಮೇಲೆ ಒಂದೊಂದೇ ಏರುವುದು, ಪ್ಯಾಕೆಟ್ ಬಿದ್ದರೆ ತಗ್ಗುವುದು. ವಿಂಡೋ 24 ಇದ್ದಾಗ ಮೂರು ಡೂಪ್ಲಿಕೇಟ್ ಆಕ್ (ಅದೇ ಉತ್ತರ ಮತ್ತೆ ಮತ್ತೆ) ಬಂದರೆ ಹೊಸ ಗಡಿ 12. ಟಿಸಿಪಿಯ ಎರಡು ಆವೃತ್ತಿಗಳಲ್ಲಿ ಟಾಹೋ 1ಕ್ಕೆ ಬೀಳುತ್ತದೆ, ರೀನೋ 12ರಿಂದ ಮುಂದುವರಿಯುತ್ತದೆ. ಈ ಗ್ರಾಫನ್ನು ಕೈಯಲ್ಲಿ ನಾಲ್ಕು ಸಲ ಬರೆದರೆ ಸಾಕು.

ಹಂತ 8: ಲ್ಯಾಬ್, ಮತ್ತು ನಾನು ಕೆಡಿಸಿದ ಲ್ಯಾಬ್

ಮೇಜಿನಡಿ ನೇತಾಡುತ್ತಿದ್ದ ಕೇಬಲ್ಲೊಂದನ್ನು ‘ಬಿದ್ದಿದೆ ಪಾಪ’ ಎಂದು ಹತ್ತಿರದ ಸ್ವಿಚ್ಚಿಗೆ ಸಿಕ್ಕಿಸಿದೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ನಿಮಿಷದೊಳಗೆ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಮಿನುಗಲಿಕ್ಕೆ ಶುರು, ಲ್ಯಾಬಿನ ಎಲ್ಲ ಕಂಪ್ಯೂಟರ್ ಸ್ತಬ್ಧ. ‘ಎಂತ ಮಾಡಿದ್ದು ಮಾರಾಯ?’ ಎಂದು ಇನ್‌ಸ್ಟ್ರಕ್ಟರ್ ಓಡಿ ಬಂದರು. ಐಪಿ ಪ್ಯಾಕೆಟ್ಟಿಗೆ ಟಿಟಿಎಲ್ ಇದೆ, ತಿರುಗಿ ತಿರುಗಿ ಒಮ್ಮೆ ಸಾಯುತ್ತದೆ. ಈಥರ್ನೆಟ್ ಫ್ರೇಮಿಗೆ ಅಂಥದ್ದೇನೂ ಇಲ್ಲ. ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಲೂಪಿನಲ್ಲಿ ಸಿಕ್ಕಿತೆಂದರೆ ಕೇಬಲ್ ಕೀಳುವವರೆಗೂ ಸುತ್ತುತ್ತದೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀಯನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ರೂಪಿಸಿದರು. ನಮ್ಮ ಅಗ್ಗದ ಸ್ವಿಚ್ಚಿನಲ್ಲಿ ಅದು ಇರಲಿಲ್ಲ. ಆ ವರ್ಷ ಸ್ಪ್ಯಾನಿಂಗ್ ಟ್ರೀ ಪ್ರಶ್ನೆ ಬಂದಾಗ ಪುಟ ಸಾಲಲಿಲ್ಲ ನನಗೆ.

ನೀವು ಇದನ್ನು ಪ್ಯಾಕೆಟ್ ಟ್ರೇಸರಿನಲ್ಲಿ ಮಾಡಿ, ಬೈಗುಳ ಉಳಿಯುತ್ತದೆ. ಮೂರು ಸ್ವಿಚ್ಚನ್ನು ತ್ರಿಕೋನವಾಗಿ ಜೋಡಿಸಿ, ಒಂದು ಪೋರ್ಟ್ ಕಿತ್ತಳೆ ಬಣ್ಣದಲ್ಲೇ ನಿಲ್ಲುವುದನ್ನು ನೋಡಿ, ಆಮೇಲೆ ಸರಿಯಾಗಿರುವ ಒಂದು ಕೇಬಲ್ ಅಳಿಸಿ. ಇದರ ನಂತರ ಹಂತ 5ರ ಕಾಲೇಜನ್ನೇ ಅಲ್ಲಿ ಕಟ್ಟಿ: ನಾಲ್ಕು ಸಬ್‌ನೆಟ್, ಎರಡು ರೂಟರ್, ಮೊದಲು ಸ್ಟ್ಯಾಟಿಕ್ ರೂಟ್ (ದಾರಿಯನ್ನು ನಾವೇ ಬರೆಯುವುದು), ಆಮೇಲೆ ಓಎಸ್‌ಪಿಎಫ್ (ರೂಟರುಗಳೇ ದಾರಿ ಹುಡುಕಿಕೊಳ್ಳುವುದು). ಪಿಂಗ್ ಹೋಗುತ್ತದೆ, ಉತ್ತರ ಬರುವುದಿಲ್ಲ ಎಂದಾದರೆ ವಾಪಸ್ ಬರುವ ರೂಟ್ ಹಾಕಲು ಮರೆತಿದ್ದೀರಿ. ಎಲ್ಲರೂ ಮರೆಯುತ್ತಾರೆ.

ಲ್ಯಾಬ್ ಪ್ರೋಗ್ರಾಮುಗಳಲ್ಲಿ ಸಿಆರ್‌ಸಿ (ತಪ್ಪು ಹಿಡಿಯುವುದು), ಬೆಲ್‌ಮನ್-ಫೋರ್ಡ್ (ಹತ್ತಿರದ ದಾರಿ ಹುಡುಕುವುದು), ಲೀಕಿ ಬಕೆಟ್ (ಹರಿವಿನ ಹತೋಟಿ), ಸಾಕೆಟ್ (ಎರಡು ಪ್ರೋಗ್ರಾಮುಗಳ ಮಾತುಕತೆ) ಇವು ಸಾಮಾನ್ಯ. ಕೋಡ್ ಬಾಯಿಪಾಠ ಮಾಡುವ ಮೊದಲು ಕೈಲೆಕ್ಕ ಮಾಡಿ. ಸಿಆರ್‌ಸಿಯನ್ನೇ ತೆಗೆದುಕೊಳ್ಳಿ. ಡೇಟಾ 1101, ಜನರೇಟರ್ 1011: ಮೂರು ಸೊನ್ನೆ ಸೇರಿಸಿ 1101000 ಮಾಡಿ, ಎಕ್ಸಾರ್ ಭಾಗಾಕಾರ ಮಾಡಿದರೆ ಶೇಷ 001. ಕಳಿಸುವುದು 1101001. ಬೇಕೆಂದೇ ಒಂದು ಬಿಟ್ ತಿರುಗಿಸಿ ಮತ್ತೆ ಭಾಗಿಸಿ, ಶೇಷ ಸೊನ್ನೆ ಬರುವುದಿಲ್ಲ. ಸಾಕೆಟ್ ಪ್ರೋಗ್ರಾಮನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ಓಡಿಸಿ ಸುಮ್ಮನಾಗಬೇಡಿ. ಗೆಳೆಯನ ಲ್ಯಾಪ್‌ಟಾಪಿಗೆ ಕನೆಕ್ಟ್ ಮಾಡಿ, ವೈರ್‌ಶಾರ್ಕಿನಲ್ಲಿ ನಿಮ್ಮದೇ ಮಾತು ಹೋಗುವುದನ್ನು ಓದಿ. ಕನೆಕ್ಟ್ ಆಗದಿದ್ದರೆ ಬಹುಪಾಲು ಫೈರ್‌ವಾಲ್.

ಭೌತಿಕ ಪದರಕ್ಕೆ ಲ್ಯಾಬ್ ಬೇಡ, ಕರಾವಳಿಯ ಅಕ್ಟೋಬರ್ ಸಾಕು. ಸಂಜೆ ಗುಡುಗು ಶುರುವಾದ ಕೂಡಲೇ ಅಮ್ಮ ಮೋಡೆಮ್ಮಿನ ಪಿನ್ ತೆಗೆಯುತ್ತಿದ್ದರು, ಆದರೂ ಟೆಲಿಫೋನ್ ವಯರಿನಿಂದ ಬಂದ ಮಿಂಚಿಗೆ ಒಂದು ಸುಟ್ಟೇ ಹೋಯಿತು. ತಾಮ್ರ ಕರೆಂಟ್ ಒಯ್ಯುತ್ತದೆ, ಗಾಜಿನ ಫೈಬರ್ ಒಯ್ಯುವುದಿಲ್ಲ. ಈಗ ಮನೆಗೆ ಫೈಬರ್ ಬಂದಿದೆ, ಆದರೂ ಅಮ್ಮ ಪಿನ್ ತೆಗೆಯುತ್ತಾರೆ. ಅದೂ ಸರಿಯೇ, ಅಡಾಪ್ಟರ್ ಇರುವುದು ಕರೆಂಟಿನಲ್ಲೇ ಅಲ್ಲವೇ?

ಹಂತ 9: ಪರೀಕ್ಷೆ

ಹಿಂದಿನ ನಾಲ್ಕೈದು ಪ್ರಶ್ನೆಪತ್ರಿಕೆ ಹಿಡಿದು ಮಾಡ್ಯೂಲಿಗೆ ತಕ್ಕ ಹಾಗೆ ಕತ್ತರಿಸಿ ಅಂಟಿಸಿ, ಮರುಕಳಿಸುವುದು ತಾನೇ ಕಾಣುತ್ತದೆ. ಐಪಿ, ಟಿಸಿಪಿ, ಯುಡಿಪಿ ಹೆಡರುಗಳ ಚಿತ್ರವನ್ನು ನೀವೇ ಹಿಡಿದ ಪ್ಯಾಕೆಟ್ ನೋಡಿ ಬರೆದು ಅಭ್ಯಾಸ ಮಾಡಿ. ಆಯ್ಕೆಗಳಿಲ್ಲದ ಐಪಿವಿ4ಕ್ಕೆ 20 ಬೈಟ್, ಟಿಸಿಪಿಗೆ 20, ಯುಡಿಪಿಗೆ 8. 1500ರಿಂದ 40 ಕಳೆದರೆ 1460, ಸಿನ್ ಪ್ಯಾಕೆಟ್ಟಿನಲ್ಲಿ ಕಂಡ ಎಂಎಸ್‌ಎಸ್ (ಒಂದು ತುಂಡಿನಲ್ಲಿ ಹಿಡಿಯುವ ಗರಿಷ್ಠ ಡೇಟಾ) ಅದೇ. ಕನ್ನಡ ಮಾಧ್ಯಮದಿಂದ ಬಂದವರು ಉತ್ತರವನ್ನು ಮೊದಲು ಕನ್ನಡದಲ್ಲಿ ಜೋರಾಗಿ ಹೇಳಿಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯ ಬರೆಯಿರಿ. ಇಂಗ್ಲಿಷ್ ಚೆನ್ನಾಗಿರುವುದಕ್ಕೆ ಇಲ್ಲಿ ಅಂಕವಿಲ್ಲ, ಚಿತ್ರಕ್ಕೂ ಲೆಕ್ಕದ ಹಂತಕ್ಕೂ ಇದೆ.

ಎಂ.ಟೆಕ್ ಪ್ರವೇಶಕ್ಕೆ ಗೇಟ್ ಪರೀಕ್ಷೆ ಬರೆಯುವವರಿಗೆ ಹಂತ 5 ಮತ್ತು 7 ಮುಖ್ಯ. ಕೆಲಸ ನೆಟ್‌ವರ್ಕಿಂಗಿನಲ್ಲೇ ಬೇಕೆಂದರೆ ಸಿಸ್ಕೋದ ಸಿಸಿಎನ್‌ಎ ಸರ್ಟಿಫಿಕೇಟ್, ಪರೀಕ್ಷೆಯ ಸಂಖ್ಯೆ 200-301. ಆದರೆ ದುಡ್ಡು ಕಟ್ಟುವ ಮೊದಲು ಪ್ಯಾಕೆಟ್ ಟ್ರೇಸರಿನಲ್ಲಿ ಮೂರು ತಿಂಗಳು ಕೂತು ನೋಡಿ, ಬೇಸರ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಲ್ಯಾಬ್ ಎಕ್ಸ್‌ಟರ್ನಲ್ ದಿನ ಎರಡು ಬಣ್ಣದ ಆ ನೋಟ್‌ಬುಕ್ ಚೀಲದಲ್ಲಿರಲಿ. ಬೆಳಿಗ್ಗೆ ಕೆಂಪು ಗೆರೆಗಳನ್ನು ಮಾತ್ರ ಓದಿ. ಪ್ರೋಗ್ರಾಮ್ ಬರೆಯುವಾಗ ಐದೈದು ನಿಮಿಷಕ್ಕೆ ಸೇವ್ ಒತ್ತುತ್ತಿರಿ, ಮಳೆ ಬಂದರೆ ನಮ್ಮಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ.